ಚಿಕ್ಕ ರೂಮಿನ ರಸೀದಿ

ತೆರಿಗೆ ಕಚೇರಿಯ ಬೆಂಚಿನ ಮೇಲೆ ಗಡಿಯಾರ ರಿಪೇರಿಯವನು ತನ್ನ ಸರದಿ ಕಾಯುತ್ತಿದ್ದ. ಅವನ ಎಡಕ್ಕೆ ಗುರುತಿಲ್ಲದ ಒಬ್ಬ ಹೆಂಗಸು, ಬಲಕ್ಕೆ ಅವಳ ತಮ್ಮ. ಮುನಿಸಿಕೊಂಡ ಇಬ್ಬರೂ ಪಕ್ಕಪಕ್ಕ ಕೂರಲಾರದೆ ಅವನನ್ನೇ ನಡುಗೋಡೆ ಮಾಡಿಕೊಂಡಿದ್ದರು. ಅಕ್ಕನ ತೊಡೆಯ ಮೇಲೆ ಅರ್ಧ ತುಂಬಿದ ಫಾರಂ ಇತ್ತು.

“ನಾನು ಬರ್ಕೊಟ್ಟ ಬಾಡಿಗೆ ರಸೀದೀನ ನಿನ್ನ ಆಫೀಸಿಗೆ ಯಾಕೋ ಕೊಟ್ಟೆ?”

“ತೆರಿಗೆ ಉಳಿಯುತ್ತೆ ಅಂತ ಕಣಕ್ಕಾ.”

“ನಿಂದು ಉಳೀತು, ನನಗೆ ನೋಟೀಸು ಬಂತು. ಬಾಡಿಗೆ ಮನೇಲಿ ಒಡಹುಟ್ಟಿದವನಿಗೆ ಒಂದು ಚಿಕ್ಕ ರೂಮು ಕೊಟ್ಟಿದ್ದಕ್ಕೆ ನಾನೀಗ ದೊಡ್ಡ ಆದಾಯದವಳು!”

“ನೀನು ಓನರಿಗೆ ಕೊಡೋ ಬಾಡಿಗೆ ತೋರಿಸಿದ್ರೆ ಏನೂ ಕಟ್ಟೋದು ಬರಲ್ಲವಂತೆ.”

“ತೋರಿಸೋಕೆ ಆ ಪುಣ್ಯಾತ್ಮನ ಹೆಸರು ಬರೀಬೇಕಲ್ಲೋ. ಒಳಬಾಡಿಗೆ ಕೊಟ್ಟಿದೀನಿ ಅಂತ ಗೊತ್ತಾದ್ರೆ ನಾಳೇನೇ ಪಾತ್ರೆ ಪಗಡ ಬೀದಿಗೆ ಹಾಕ್ತಾನೆ.”

“ತಮ್ಮ ಬಂದಿದಾನೆ ಅಂತ ಹೇಳು.”

“ಎರಡು ದಿನ ಇದ್ದು ಹೋಗ್ತಾನೆ ಅಂತ ಹನ್ನೊಂದು ತಿಂಗಳಿಂದ ಹೇಳ್ತಾ ಇದೀನಿ!”

ಗಡಿಯಾರದವನು ನಗು ತಡೆಯಲಾರದೆ ಕೆಮ್ಮಿದ.

“ನಗಬೇಡಿ ಯಜಮಾನ್ರೆ, ಪೆನ್ನಿದ್ರೆ ಕೊಡಿ.”

ಕೊಟ್ಟ. ಅಷ್ಟರಲ್ಲಿ ಕೌಂಟರಿನಿಂದ ಅವರ ಸಂಖ್ಯೆ ಕೂಗಿದರು. ಅಕ್ಕ ಎದ್ದು ನಿಂತೇ ಮನೆ ಓನರಿನ ಹೆಸರನ್ನು ಒತ್ತಿ ಒತ್ತಿ ಬರೆದಳು.

“ಅಕ್ಕಾ, ಮನೆ ಬಿಡಿಸಿಬಿಟ್ರೆ?”

“ಬಿಡಿಸಲಿ. ಆಮೇಲೆ ನಿನ್ನ ಹೆಸರಲ್ಲಿ ಮನೆ ಹಿಡಿ. ಚಿಕ್ಕ ರೂಮಲ್ಲಿ ನಾನಿರ್ತೀನಿ, ರಸೀದಿ ನೀನು ಬರ್ಕೊಡು. ನೋಟೀಸು ಹೇಗಿರುತ್ತೆ ಅಂತ ನೀನೂ ನೋಡುವಿಯಂತೆ!”

ಇಬ್ಬರೂ ಕೌಂಟರಿನತ್ತ ಹೋದರು. ಅವರ ಜೊತೆ ಗಡಿಯಾರದವನ ಪೆನ್ನೂ ಹೋಯಿತು.