ಒಂದು ಘಟ್ಟ, ಎರಡು ಕಾರ್ಡ್

ಸ್ಕ್ರೂಡ್ರೈವರ್ ಕೊಡಿ ಎಂದ ಹಿರಿಯ. ತಮ್ಮ ಕೊಡಲಿಲ್ಲ. ಅಣ್ಣ ಎದ್ದು ಹೋಗಿ ತಂದುಕೊಟ್ಟ. ಹಿರಿಯ ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಒಳಗೆ ಇಣುಕಿದ. ಒಂದರ ಕೆಳಗೊಂದು ಎರಡು ದಪ್ಪ ಕಾರ್ಡುಗಳು. ಒಂದೇ ಅಳತೆ, ಒಂದೇ ಬಣ್ಣ. ಅವನ ಮುಖ ಅರಳಿತು.

“ಚಲೋ ಆತು ಬಿಡ್ರಿ. ಎರಡ ಅದಾವ. ಒಂದೊಂದು ತಗೋರಿ, ಮುಗೀತು.”

ನೋಡಿ, ಅಲ್ಲಿ ನಡೆಯುತ್ತಿದ್ದದ್ದು ಪಾಲು. ಮನೆ ಒಬ್ಬ ಶ್ರೀಮಂತನದು. ಒಂದು ಕಾಲಕ್ಕೆ ಇನ್ನೊಬ್ಬರ ಲಾರಿ ಓಡಿಸಿದವನು, ಈಗ ಸ್ವಂತ ಲಾರಿಗಳ ಒಡೆಯ. ಇಬ್ಬರು ಗಂಡುಮಕ್ಕಳು. ಬೇರೆಯಾಗೋಣ ಎಂದವನು ಅಣ್ಣ. ಕಾರಣ ಏನು? ನಿಮ್ಮ ಮನೆಯಲ್ಲಿರುವ ಕಾರಣವೇ. ದುಡಿಯುವವನು ನಾನು, ಕೂತು ಉಣ್ಣುವವನು ಅವನು. ಹೊತ್ತು ಮೂಡುವ ಮೊದಲು ಎದ್ದು ಲಾರಿ ಹೊರಡಿಸುವವನು ನಾನು, ಬಿಸಿಲೇರಿದ ಮೇಲೆ ಏಳುವವನು ಅವನು. ತಮ್ಮ ಯಾಕೆ ತಡವಾಗಿ ಏಳುತ್ತಾನೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಪಾಲು ಮಾಡಲು ಬಂದ ಹಿರಿಯ ಅದರಲ್ಲೇ ಹೆಸರು ಮಾಡಿದವನು. ಅವನು ಮಾಡಿದ ಪಾಲಿನಲ್ಲಿ ಒಂದು ಚಮಚವೂ ಆಚೀಚೆ ಆಗುವುದಿಲ್ಲ. ಲಾರಿಗಳು ಹಂಚಿಹೋದವು, ಜಾಗ ಹಂಚಿಹೋಯಿತು, ದೇವರ ಮನೆಯ ದೀಪಗಳೂ ಹೋದವು. ಉಳಿದದ್ದು ಮಾಳಿಗೆ ಕೋಣೆಯ ಈ ಕಂಪ್ಯೂಟರ್. ಮದುವೆಗೆ ಮುಂಚೆ ಅಣ್ಣ ತಮ್ಮ ಕೂಡಿ ಜೋಡಿಸಿದ್ದು. ಒಂದು ಕಾರ್ಡ್ ಇವನು ತಂದದ್ದು, ಇನ್ನೊಂದು ಅವನು ತಂದದ್ದು. ಆಡುತ್ತಿದ್ದ ಆಟ ಯಾವುದು? ಲಾರಿ ಓಡಿಸುವ ಆಟ. ಹಗಲೆಲ್ಲ ಲಾರಿ, ಸಂಜೆಗೂ ಲಾರಿ. ನಗಬೇಡಿ.

ನಮ್ಮ ಈ ಸಭೆಯಲ್ಲಿ ಹಿಂದೆ ಕೂತ ಹುಡುಗರು ಈಗ ಮೊಬೈಲ್ ಕೆಳಗಿಟ್ಟರು, ಸಂತೋಷ. ಮುಂದೆ ಕೂತ ತಾಯಂದಿರಿಗೆ ಹೇಳುತ್ತೇನೆ: ಗ್ರಾಫಿಕ್ಸ್ ಕಾರ್ಡ್ ಎಂದರೆ ಪರದೆಗೆ ಚಿತ್ರ ಬರೆದು ಕೊಡುವ ಯಂತ್ರ. ಸಾಮಾನ್ಯವಾಗಿ ಒಂದು ಸಾಕು. ಇವರು ಎರಡು ಹಾಕಿದ್ದರು.

ಕಾರ್ಡ್ ಬಿಚ್ಚುವ ಮೊದಲು ಒಂದು ಸಲ ಓಡಿಸಿ, ನಾನು ಏನು ಹಂಚುತ್ತಿದ್ದೇನೆ ಎಂದು ನನಗೂ ತಿಳಿಯಲಿ ಎಂದ ಹಿರಿಯ. ಓಡಿಸಿದರು. ಮಂಜು ಕವಿದ ಘಟ್ಟ, ಏರು ತಿರುವು, ಹೇರು ತುಂಬಿದ ಲಾರಿ. ಪಕ್ಕದ ಕನ್ನಡಿಯಲ್ಲಿ ಹಿಂದಿನ ರಸ್ತೆ ಸರಿದು ಹೋಗುತ್ತಿದೆ. ಒದ್ದೆ ಡಾಂಬರಿನ ಮೇಲೆ ದೀಪದ ಬೆಳಕು ಎಣ್ಣೆಯಂತೆ ಹರಿಯುತ್ತಿದೆ. ಎಲ್ಲೂ ಜಗ್ಗುವುದಿಲ್ಲ, ಎಲ್ಲೂ ತಡೆಯುವುದಿಲ್ಲ. ಆ ಶ್ರೀಮಂತ, ಘಟ್ಟ ಹತ್ತಿ ಇಳಿದೇ ಕೂದಲು ಬೆಳ್ಳಗಾದವನು, ತನಗೇ ತಿಳಿಯದೆ ಬಲಗಾಲನ್ನು ನೆಲಕ್ಕೆ ಒತ್ತಿದ. ಬ್ರೇಕು.

ಇದರಲ್ಲಿ ಯಾವ ಕಾರ್ಡಿನ ಕೆಲಸ ಎಷ್ಟು ಎಂದು ಹಿರಿಯ ಕೇಳಿದ. ತಮ್ಮ ಬಿಡಿಸಿ ಹೇಳಿದ. ಪರದೆಯ ಮೇಲೆ ಓಡುವುದು ಲಾರಿಯಲ್ಲ, ಚಿತ್ರಗಳು. ಕಣ್ಣು ಹಿಡಿಯಲಾಗದಷ್ಟು ಬೇಗ, ಒಂದರ ಹಿಂದೊಂದು. ಮೊದಲ ಚಿತ್ರವನ್ನು ಮೇಲಿನ ಕಾರ್ಡ್ ಬರೆಯುತ್ತದೆ. ಅದು ಮುಗಿಯುವ ಮೊದಲೇ ಎರಡನೆಯದನ್ನು ಕೆಳಗಿನದು ಶುರು ಮಾಡಿರುತ್ತದೆ. ಮುಂದಿನದು ಮತ್ತೆ ಮೇಲಿನದರದು, ಅದರ ಮುಂದಿನದು ಕೆಳಗಿನದರದು. ಎರಡರ ನಡುವೆ ಬೆರಳುದ್ದದ ಒಂದು ಪಟ್ಟಿ, ಬ್ರಿಡ್ಜ್ ಎನ್ನುತ್ತಾರೆ. ಒಂದರ ಸರದಿ ಇನ್ನೊಂದಕ್ಕೆ ತಿಳಿಯುವುದು ಅದರ ಮೂಲಕ.

ಎಂಥ ಸೊಗಸು ನೋಡಿ. ಇದು ಬರೆದದ್ದರಲ್ಲಿ ಪೂರಾ ಓಟವಿಲ್ಲ. ಅದು ಬರೆದದ್ದರಲ್ಲೂ ಇಲ್ಲ. ನೋಡುವವನಿಗೆ ಮಾತ್ರ ಇಡೀ ಘಟ್ಟ. ಯಾವ ತಿರುವು ಯಾರದು? ಹೇಳಿ, ಯಾರದು?

ಹಿರಿಯ ಬಿಡಲಿಲ್ಲ. ಹಾಗಾದರೆ ಅರ್ಧ ಘಟ್ಟ ಇದರ ನೆನಪಿನಲ್ಲಿ, ಅರ್ಧ ಅದರ ನೆನಪಿನಲ್ಲಿ ಇರಬೇಕಲ್ಲ ಎಂದ. ತಮ್ಮ ತಲೆಯಾಡಿಸಿದ.

“ಇಲ್ರಿ ಕಾಕಾ. ಪೂರಾ ಘಟ್ಟ ಇದರಾಗೂ ಇರಬೇಕು, ಅದರಾಗೂ ಇರಬೇಕು. ಕೆಲಸ ಹಂಚಕೋತಾವ. ನೆನಪು ಹಂಚಕೊಳ್ಳಾಂಗಿಲ್ಲ.”

ಕಿಟಕಿಯ ಕಡೆ ಮುಖ ಮಾಡಿದ್ದ ಅಣ್ಣ ಈ ಕಡೆ ತಿರುಗಿದ.

ಒಂದು ಮಾತು ಮುಚ್ಚಿಡಲಾರೆ. ಎರಡು ಸೇರಿದವೆಂದು ಓಟ ಎರಡರಷ್ಟಾಗುವುದಿಲ್ಲ. ಒಂದಿಷ್ಟು, ಒಂದು ಇನ್ನೊಂದನ್ನು ಕಾಯುವುದರಲ್ಲೇ ಹೋಗುತ್ತದೆ. ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತದೆ. ಫ್ಯಾನು ಗದ್ದಲ ಮಾಡುತ್ತದೆ. ಎರಡನ್ನು ದುಡಿಸಲು ಬಾರದ ಆಟಗಳೂ ಇವೆ, ಅಲ್ಲಿ ಒಂದು ಕಾರ್ಡ್ ಸುಮ್ಮನೆ ಕೂತಿರುತ್ತದೆ. ಅದನ್ನು ಸೋಮಾರಿ ಎನ್ನುತ್ತೀರಾ? ಅದಕ್ಕೆ ಸರದಿ ಕೊಡದವರು ಯಾರು?

ಕಂಪ್ಯೂಟರ್ ಆರಿಸಿ ಹಿರಿಯ ಪಟ್ಟಿ ಕಿತ್ತ. ಕೆಳಗಿನ ಕಾರ್ಡ್ ಹೊರಗೆ ತೆಗೆದ. ಮತ್ತೆ ಓಡಿಸಿದರು. ಅದೇ ಘಟ್ಟ, ಅದೇ ಲಾರಿ. ಏರುತ್ತದೆ, ಆದರೆ ತಿರುವು ಬಂದಲ್ಲೆಲ್ಲ ಜಗ್ಗುತ್ತದೆ. ಮಂಜು ತುಂಡು ತುಂಡಾಗಿ ಬರುತ್ತದೆ. ಈ ಸಲ ಶ್ರೀಮಂತನ ಕಾಲು ಅಲುಗಲಿಲ್ಲ. ಅವನ ಕಾಲಿಗೆ ಅದು ಘಟ್ಟವೇ ಅಲ್ಲ.

ಈಗ ನಿಮ್ಮ ಮನೆಗೆ ಬನ್ನಿ. ಅವ್ವನ ಗುಳಿಗೆ ಯಾವ ಹೊತ್ತಿನದು ಎಂದರೆ ತಮ್ಮನನ್ನು ಕೇಳಿ ಎನ್ನುತ್ತೀರಿ. ಮಗಳು ಯಾವ ಪಾಠದಲ್ಲಿ ಹಿಂದೆ ಎಂದರೆ ಅವಳ ತಾಯಿಗೆ ಗೊತ್ತು ಎನ್ನುತ್ತೀರಿ. ತಾಯಂದಿರೇ, ಅಂಗಡಿಯಲ್ಲಿ ಏನು ತೊಂದರೆ ಎಂದರೆ ಅವರನ್ನೇ ಕೇಳಿ ಎನ್ನುತ್ತೀರಿ ನೀವು. ಕೆಲಸ ಹಂಚಿಕೊಂಡಿರಿ, ಸರಿ. ಮನೆಯನ್ನೇ ಹಂಚಿಕೊಂಡು ಬಿಟ್ಟಿರಿ, ಪಾಲು ಮಾಡುವವನು ಬರುವುದಕ್ಕೆ ಎಷ್ಟೋ ಮೊದಲು. ಇವತ್ತು ಮನೆಗೆ ಹೋದವರೇ ಆ ಗುಳಿಗೆಯ ಡಬ್ಬಿ ತೆಗೆದು ನೋಡಿ. ನೀವು ಕೊಡಬೇಕಾಗಿಲ್ಲ. ತಿಳಿದಿರಬೇಕು. ನಿಮ್ಮ ಕಣ್ಣಿಗೆ ಬೀಳದ ಹೊತ್ತಿನಲ್ಲಿ ಇನ್ನೊಬ್ಬರು ಏನು ಮಾಡುತ್ತಾರೆ ಎಂದು, ಅವರನ್ನು ಸೋಮಾರಿ ಎನ್ನುವ ಮೊದಲು, ಬಾಯಿಬಿಟ್ಟು ಕೇಳಿ.

ಅಣ್ಣ ಅದನ್ನೇ ಮಾಡಿದ. ಕೇಳಿದ.

“ರಾತ್ರಿ ದಾರ್ಯಾಗ ಗಾಡಿ ಕೆಟ್ಟು ನಿಂತ್ರ ಡ್ರೈವರ್ ಯಾರಿಗೆ ಫೋನ್ ಮಾಡ್ತಾನ?”

“ನನಗ.”

“ನನಗ್ಯಾಕ ಹೇಳಿಲ್ಲ?”

“ನೀ ಮಲಗಿರ್ತಿ.”

ಅಣ್ಣನಿಗೆ ಬೆಳಿಗ್ಗೆ ಕಾಣುತ್ತಿದ್ದದ್ದು ಲಾರಿ ಓಡುತ್ತಿರುವುದು ಮಾತ್ರ. ರಾತ್ರಿಯ ಚಿತ್ರ ಬರೆದವನು ಎದುರಿಗೆ ನಿಂತಿದ್ದ.

ಶ್ರೀಮಂತನಿಗೆ ಮಕ್ಕಳ ಬಾಡಿದ ಮುಖ ನೋಡಲಾಗಲಿಲ್ಲ. ಶ್ರೀಮಂತರಿಗೆ ಬಾಡಿದ ಮುಖ ಕಂಡರೆ ಏನಾದರೂ ಕೊಂಡು ಕೊಡಬೇಕೆನಿಸುತ್ತದೆ. “ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ತೀರಿ? ನಾಳೆ ಇಬ್ಬರಿಗೂ ಬ್ಯಾರೆ ಬ್ಯಾರೆ ಕಂಪ್ಯೂಟರ್ ತರಸ್ತೀನಿ. ಎರಡೆರಡು ಕಾರ್ಡ್ ಹಾಕಸ್ತೀನಿ,” ಎಂದ. ಸಮಪಾಲು ಎಂದು ಹಿರಿಯ ತಲೆದೂಗಿದ. ಹೊರಗೆ ತೆಗೆದ ಕಾರ್ಡನ್ನು, ಅಲ್ಲಿಯವರೆಗೆ ಇದು ಇರಲಿ ಎಂದು ಅಣ್ಣನ ಮುಂದೆ ಹಿಡಿದ.

ಅಣ್ಣ ಕಾರ್ಡ್ ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಬೆರಳುದ್ದದ ಪಟ್ಟಿಯನ್ನು ಎತ್ತಿಕೊಂಡ.

“ಒಲ್ಲೆ,” ಎಂದ. “ಪಾಲೂ ಒಲ್ಲೆ.”