ಗೊತ್ತಿರುವುದು ಒಂದೇ ಹೆಸರು

ಆಸ್ಪತ್ರೆಯಲ್ಲಿ ದೂರು ಕೊಡುವ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅತ್ತೆ, ಅವರ ಹಸಿ ಬಾಣಂತಿ ಸೊಸೆ ನಿಂತಿದ್ದರು.

“ಪಕ್ಕದ ತೊಟ್ಟಿಲಿನ ಮಗುವಿನ ಇಂಜೆಕ್ಷನ್ ನಮ್ಮ ಕೂಸಿಗೆ ಚುಚ್ಚಿದ್ರು ಅಂತ ಬರಿ.”

“ಬರ್ದೆ ಅತ್ತೆ. ತಪ್ಪು ಮಾಡಿದವರ ಹೆಸರು ಕೇಳಿದ್ದಾರೆ.”

“ಆ ಡಾಕ್ಟರದ್ದು?”

“ಗೊತ್ತಿಲ್ಲ. ಅವತ್ತಿಂದ ಯಾರ ಎದೆ ಮೇಲೂ ಹೆಸರಿನ ಬಿಲ್ಲೆ ಇಲ್ಲ.”

“ಕೂಸಿನ ಕಾಲಿನ ಹೆಸರಿನ ಪಟ್ಟಿ ಅದಲುಬದಲು ಮಾಡಿದವರು, ತಮ್ಮದನ್ನ ಮಾತ್ರ ಜೋಪಾನವಾಗಿ ಬಚ್ಚಿಟ್ಟಿದ್ದಾರೆ!”

“ಆ ನರ್ಸಮ್ಮನ ಹೆಸರೊಂದೇ ಗೊತ್ತು.”

“ನಡೆದ ನಿಜ ಹೇಳ್ಬಿಟ್ಟು ನಿನ್ನ ಕೈ ಹಿಡ್ಕೊಂಡು ಅತ್ತಳಲ್ಲ, ಅವಳಾ?”

“ಹೂಂ.”

“ಅವಳೊಬ್ಬಳನ್ನೇ ಮನೆಗೆ ಕಳಿಸಿ ಎಲ್ಲರೂ ಕೈ ತೊಳ್ಕೋತಾರೆ ಕಣೇ.”

“ಯಾರ ಹೆಸರೂ ಬರೀದಿದ್ರೆ, ನನ್ನ ಕೂಸು ತಾನಾಗೇ ಸತ್ತಿದ್ದು ಅಂತಾರೆ ಅತ್ತೆ.”

ಕಿಟಕಿಯಿಂದ ಕರೆ ಬಂತು. ಸೊಸೆ ಕಾಗದವನ್ನು ಗೋಡೆಗೊತ್ತಿ ಆ ಹೆಸರು ಬರೆದಳು. ಅತ್ತೆ ಆ ಕಾಗದದ ಕಡೆ ನೋಡದೆ ಅವಳ ತೋಳು ಹಿಡಿದು ಮುಂದಕ್ಕೆ ನಡೆಸಿದರು.