ಎರಡು ಆಟಗಳ ನಡುವಿನ ಒಂದು ವಾರ

ಪೂಜ್ಯ ಅಧ್ಯಕ್ಷರಾದ ಫಾದರ್ ಅರ್ಬನ್ ಅವರೇ, ಇಂದಿನ ಸನ್ಮಾನಿತರಾದ ಅಲೋಯ್ಸ್ ಬ್ರಿಂಕ್‌ಮನ್ ಅವರೇ, ನಮ್ಮ ವೆಂಡೆಲಿನ್ ಕಾಲೇಜಿನ ಹಳೆಯ ಹೊಸ ಆಟಗಾರರೇ, ಸಭಿಕರೇ,

ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ನಡೆದಿದೆ, ಇವತ್ತು ಶುಕ್ರವಾರ ಬೇರೆ. ಬೆಳಗ್ಗೆ ಹನ್ನೊಂದು ಹಸು ಕರೆದು, ಕೋಳಿಗಳಿಗೆ ಕಾಳು ಹಾಕಿ, ಮೊಟ್ಟೆ ಆರಿಸಿ, ಒಂದು ಲೋಟ ಕರಿ ಕಾಫಿಯಷ್ಟೇ ಕುಡಿದು ಬಂದಿದ್ದೇನೆ. ಮಾಂಸ ಮುಟ್ಟದ ದಿನವೆಂದು ಒಳಗೆ ಮೀನು ಕರಿಯುತ್ತಿದ್ದಾರೆ. ನನ್ನ ಮಾತು ತಪ್ಪಿದರೆ ತಪ್ಪು ಆ ವಾಸನೆಯದು.

ಅಲೋಯ್ಸ್ ಅವರ ಆಟದ ಬಗ್ಗೆ ನಾನೇನು ಹೇಳಲಿ? ನಾನು ಓದಿದ್ದು ಊರ ಶಾಲೆಯಲ್ಲಿ ಎಂಟನೇ ತರಗತಿಯವರೆಗೆ. ಆದರೆ ಅವರನ್ನು ಮೊದಲು ಕಂಡದ್ದು ನಮ್ಮ ಮನೆಯ ಊಟದ ಮೇಜಿನ ಮೇಲೆ, ಬೋರಲಾಗಿ. ಬೇಸ್‌ಬಾಲಿನಲ್ಲಿ ಮಣ್ಣಿನ ಮೇಲೆ ಜಾರಿ ಗುರಿ ಮುಟ್ಟುತ್ತಾರಲ್ಲ, ಆ ಅಭ್ಯಾಸದಲ್ಲಿ ಅವರು ಬ್ಯಾಸ್ಕೆಟ್‌ಬಾಲ್ ಅಂಕಣದ ಮರದ ಹಲಗೆಯ ಮೇಲೂ ಜಾರಿದ್ದರು. ಹದಿನೇಳು ಸಿಬಿರು. ಗೆಳೆಯರು ಹೊತ್ತು ತಂದದ್ದು ಕಾಲೇಜಿಗೆ ಹತ್ತಿರದ ನಮ್ಮ ಮನೆಗೆ, ತೆಗೆದವಳು ನಮ್ಮಮ್ಮ. ದೀಪ ಹಿಡಿದು ನಿಂತವಳು ನಾನು, ಕಣ್ಣು ಗೋಡೆಯ ಮೇಲಿನ ಸಂತ ಜೋಸೆಫರ ಪಟದ ಮೇಲೆ.

"ಮಣ್ಣಲ್ಲಿ ಜಾರೋದು ಬೇರೆ, ಹಲಗೆ ಮೇಲೆ ಜಾರೋದು ಬೇರೆ ಕಣಪ್ಪಾ," ಎಂದಳು ಅಮ್ಮ.

"ಚೆಂಡು ಸಿಕ್ತಲ್ಲಮ್ಮಾ!" ಎಂದರು ಇವರು.

ನಾಲ್ಕು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿ ಅವರು ಗಳಿಸಿದ್ದು ಮೂವತ್ತೊಂದು ಅಂಕ. ನಗಬೇಡಿ. ಬೇಸ್‌ಬಾಲಿನಲ್ಲಿ ಅವರ ಕೈ ತಪ್ಪಿದ ಚೆಂಡುಗಳನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದು. ಆಮೇಲೆ ಇಪ್ಪತ್ತೆಂಟು ವರ್ಷ ಎರಡೂ ಆಟಗಳನ್ನು ಇಲ್ಲೇ ಕಲಿಸಿದರು.

ಆ ಸಿಬಿರು ತೆಗೆದ ವರ್ಷವೇ ಅವರು ನನ್ನನ್ನು ಕೇಳಿದ್ದರು. "ಹಿಲ್ಡಾ, ಬ್ಯಾಸ್ಕೆಟ್‌ಬಾಲ್ ಮುಗೀಲಿ, ಮದುವೆ ಆಗೋಣ." ಮುಗಿಯಿತು, ಮಾರ್ಚಿನಲ್ಲಿ. ಬೇಸ್‌ಬಾಲ್ ಶುರುವಾಗಲು ಒಂದು ವಾರವಿತ್ತು. ಆಗಿನ ಪಾದ್ರಿಗಳ ಹತ್ತಿರ ಓಡಿದೆವು.

"ಉಪವಾಸದ ಕಾಲದಲ್ಲಿ ಮದುವೇನಾ? ಈಸ್ಟರ್ ಆಗ್ಲಿ ಮಗಾ."

"ಈಸ್ಟರ್ ಆದ್ಮೇಲೆ ಬೇಸ್‌ಬಾಲ್ ಇದ್ಯಲ್ಲ ಫಾದರ್!"

ಬೇಸಿಗೆಯಿಡೀ ಊರಿನ ತಂಡಕ್ಕೆ ಬೇಸ್‌ಬಾಲ್. ಆಮೇಲೆ ಜೋಳದ ಕೊಯ್ಲು. ನಮ್ಮಪ್ಪನದು ಒಂದೇ ಮಾತು: "ತೆನೆ ಹೊಲದಲ್ಲಿರೋವಾಗ ನನ್ನ ಮನೇಲಿ ಮದುವೆ ಇಲ್ಲ." ತೆನೆ ಒಳಗೆ ಬರುವಷ್ಟರಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ವ್ರತ, ಅದರ ಬೆನ್ನಿಗೇ ಬ್ಯಾಸ್ಕೆಟ್‌ಬಾಲ್. ಮತ್ತೆ ಮಾರ್ಚಿನ ಆ ಒಂದು ವಾರ, ಮತ್ತೆ ಉಪವಾಸ. ಹೀಗೆ ಮೂವತ್ತು ವರ್ಷ, ಸಭಿಕರೇ! ದೇವರ ಮೇಲೆ ನನಗೆ ದೂರಿಲ್ಲ. ಆಟದ ಪಟ್ಟಿ ಬರೆದವನು ದೇವರಲ್ಲವಲ್ಲ?

ಹೋದ ಭಾನುವಾರ ಅವರ ಪತ್ರ ಬಂತು. "ಮಂಡಿ ಕೈಕೊಟ್ಟಿದೆ, ಎರಡೂ ಆಟ ಬಿಟ್ಟೆ. ಈಗಲಾದ್ರೂ ಆಗ್ತೀಯಾ? ಸನ್ಮಾನದ ದಿನ ಉತ್ತರ ಕೊಡು." ಬೆಳಗ್ಗೆ ಹಾಲು ಕರೆದ ಮೇಲೆ ಉತ್ತರ ಬರೆದೆ. ಆದರೆ ಫಾದರ್ ಅರ್ಬನ್, ಈಗ ತಾನೇ ಸ್ವಾಗತ ಭಾಷಣದಲ್ಲಿ ತಾವೇನೆಂದಿರಿ? "ಇದೊಂದು ವರ್ಷ ಬೇಸ್‌ಬಾಲ್ ನೋಡ್ಕೊಡಿ ಅಲೋಯ್ಸ್, ಈಸ್ಟರ್ ಆದ ಶನಿವಾರ ಹತ್ತು ಗಂಟೆಗೆ ಮೊದಲನೇ ಆಟ." ಇವರು ಸೂರು ನೋಡಿದರು. ಆ ಸೂರು ನೋಡುವುದನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ.

ಆದ್ದರಿಂದ ತಮ್ಮ ಭಾಷಣ ಮುಗಿಯುವುದರೊಳಗೆ ಅಡುಗೆಮನೆಗೆ ಹೋಗಿ, ಉತ್ತರದ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿ ಬಂದೆ: ಚರ್ಚು, ಈಸ್ಟರ್ ಆದ ಶನಿವಾರ, ಹತ್ತು ಗಂಟೆ. ಆಟವೂ ಹತ್ತಕ್ಕೇ. ಒಬ್ಬ ಮನುಷ್ಯ ಎರಡು ಆಟ ಆಡಬಹುದು, ಒಂದೇ ಗಂಟೆಗೆ ಎರಡು ಕಡೆ ನಿಲ್ಲಲಾರ.

ಇಷ್ಟು ಹೊತ್ತು ಹಸಿದ ಹೊಟ್ಟೆಯಲ್ಲಿ ಕೇಳಿದಿರಿ, ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ. ಎಲ್ಲರಿಗೂ ನನ್ನ ನಮಸ್ಕಾರ.

ರೋಸೆಲಾ, ನನ್ನ ತಂಗಿಯ ಮಗಳೇ, ಅಡುಗೆಮನೆಯಲ್ಲಿ ನಾನು ತಂದ ಮೊಟ್ಟೆ ಬುಟ್ಟಿಯ ಕೆಳಗೆ ಲಕೋಟೆ ಇದೆ, ತಂದು ಅವರ ಕೈಗೆ ಕೊಡಮ್ಮ. ಅವರನ್ನೇ ಕಳಿಸಬೇಡ. ದಾರಿಯಲ್ಲಿ ಯಾರಾದರೂ ಚೆಂಡು ಎಸೆದರೆ ಹಿಡಿಯಲು ನಿಂತುಬಿಡುತ್ತಾರೆ.